ಸ್ಮಾರ್ಟ್ ಕೃಷಿಗೆ ಇಂಡಾಫ್ ರಾಗಿಯ ದಾರಿ



ಸುಸ್ಥಿರ ಕೃಷಿಗೆ ಹೊರದೇಶಗಳ ಸಹಕಾರ ಎಂದ ಕೂಡಲೇ ಡ್ರೋನ್, ಸೆನ್ಸರ್, ಆ್ಯಪ್‌ಗಳ ಮಾತೇ ಮುಂದೆ ಬರುತ್ತದೆ. ಆದರೆ ಹೊರನಾಡಿನ ತಳಿಯ ಫಲವನ್ನು ಮೈಸೂರಿನ ಪಕ್ಕದ ಮಂಡ್ಯ ಎಂದೋ ಕಂಡಿದೆ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ‘ರಾಗಿ ಲಕ್ಷ್ಮಣಯ್ಯ’ನವರು ನಾಡ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಒಂದರ ಪರಾಗವನ್ನು ಇನ್ನೊಂದಕ್ಕೆ ದಾಟಿಸುವುದು ಸುಲಭದ ಕೆಲಸವಲ್ಲ. ಅವರ ತಾಳ್ಮೆಯಿಂದಲೇ ನಮ್ಮ ರೈತರ ಕಣ ತುಂಬಿತು.

2009ರಲ್ಲಿ ಶುರುವಾದ ಭೂಚೇತನ ಯೋಜನೆಯೂ ಇದೇ ಜಾಡಿನದು. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಜತೆ ನಮ್ಮ ಕೃಷಿ ಇಲಾಖೆ ಕೈಜೋಡಿಸಿತು. ಮಣ್ಣು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕದ ಕೊರತೆ ಗೊತ್ತಾಯಿತು. ಯೂರಿಯಾ ಎಷ್ಟು ಸುರಿದರೂ ನೀಗದ ಕೊರತೆ ಅದು. ಮಳೆಯನ್ನೇ ನಂಬಿದ ರೈತನಿಗೆ ಇದಕ್ಕಿಂತ ಬೇಕಾದ ಮಾಹಿತಿ ಯಾವುದಿದೆ?

ಸರ್ಕಾರಕ್ಕೆ ನನ್ನ ಒತ್ತಾಯವಿಷ್ಟು: ವಿದೇಶಿ ಸಂಸ್ಥೆಗಳ ಜತೆ ಒಪ್ಪಂದ ಮಾಡಿಕೊಂಡಾಗ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಒಂದೆರಡು ಎಕರೆಯ ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ನಡೆಯಲಿ. ಮಣ್ಣಿನ, ಮಳೆಯ ಸೂಚನೆಗಳು ಕನ್ನಡದ ಧ್ವನಿ ಸಂದೇಶವಾಗಿ ಸಾದಾ ಮೊಬೈಲಿಗೂ ಬರಲಿ. ಉಪಕರಣ ಕೆಟ್ಟರೆ ಸರಿಪಡಿಸುವವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಸಿಗಬೇಕು. ಅದಿಲ್ಲದೆ ಎಂಥ ಯಂತ್ರ ಕೊಟ್ಟರೂ ಮೂಲೆ ಸೇರುತ್ತದೆ. ರೈತರ ಹೊಲದ ಮಾಹಿತಿ ಅವರ ಒಪ್ಪಿಗೆಯಿಲ್ಲದೆ ಬೇರೆಯವರ ಕೈಗೆ ಹೋಗಕೂಡದೆಂಬ ಷರತ್ತನ್ನೂ ಒಪ್ಪಂದದಲ್ಲೇ ಬರೆಸಬೇಕು.

– ಓರ್ವ ಓದುಗ, ಕುಂಬಾರಕೊಪ್ಪಲು, ಮೈಸೂರು