‘ಇದು ನಿನ್ನ ಕಾರು, ಮಾಮ!’

ಕಳೆದ ಜನವರಿಯಲ್ಲಿ ಆಫೀಸಿನ ಕೆಲಸದ ಮೇಲೆ ಆರು ವಾರ ನ್ಯೂಜೆರ್ಸಿಯಲ್ಲಿದ್ದೆ. ಅಕ್ಕನ ಮನೆ ಅಲ್ಲೇ ಇದ್ದಿದ್ದರಿಂದ ಅಲ್ಲೇ ಠಿಕಾಣಿ. ಒಂದು ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಕಾಫಿ ಕುಡೀತಾ ಕೂತಿದ್ದೆ. ಅಕ್ಕನ ಎಂಟು ವರ್ಷದ ಮಗಳು ಒಂದು ಸಣ್ಣ ಡಬ್ಬ ತಂದು ಟೇಬಲ್ ಮೇಲೆ ಸುರಿದಳು. ಒಂದು ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ. ಅಷ್ಟೇ.

“ಮಾಮ, ಇದರಲ್ಲಿ ಕಾರ್ ಮಾಡ್ಬೇಕು. ಇನ್ನು ಹತ್ತು ದಿನಕ್ಕೆ ರೇಸು. ನೀನು ಇಂಜಿನಿಯರ್ ಅಲ್ವಾ?”

ಈ ಪ್ರಶ್ನೆ ಕೇಳಿದ ಮೇಲೆ ಯಾವ ಇಂಜಿನಿಯರ್ ತಾನೇ ಸುಮ್ಮನಿರ್ತಾನೆ ಹೇಳಿ. ನಾನು ಬರೆಯೋದು ಬರೀ ಕೋಡ್, ಗರಗಸ ಹಿಡಿದು ಹತ್ತು ವರ್ಷದ ಮೇಲಾಗಿತ್ತು ಅನ್ನೋದು ಬೇರೆ ಮಾತು.

ಆ ಸ್ಪರ್ಧೆಯ ಹೆಸರು ಪೈನ್‌ವುಡ್ ಡರ್ಬಿ. ಅಮೆರಿಕದಲ್ಲಿ ಕಬ್ ಸ್ಕೌಟ್ ಸೇರಿದ ಮಕ್ಕಳಿಗೆ ಇದು ಹೆಚ್ಚುಕಡಿಮೆ ವರ್ಷದ ಹಬ್ಬ. 2018ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ಇರೋದರಿಂದ ನಮ್ಮ ಪುಟ್ಟಿಯೂ ಸೇರಿದ್ದಾಳೆ. ಕಾರಿಗೆ ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ, ರಿಮೋಟೂ ಇಲ್ಲ. ಸುಮಾರು ನಾಲ್ಕು ಅಡಿ ಎತ್ತರದಿಂದ ಇಳಿಜಾರು ಟ್ರ್ಯಾಕ್ ಮೇಲೆ ಬಿಟ್ಟರೆ ಭೂಮಿ ಎಳೆದಷ್ಟೇ ಓಟ. ಮೂರು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲಾ ಮುಗಿದು ಹೋಗುತ್ತೆ.

ಇದನ್ನ ಶುರು ಮಾಡಿದ್ದು ಡಾನ್ ಮರ್ಫಿ ಅನ್ನುವವರು, 1953ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ. ಅವರ ಮಗನಿಗೆ ಸೋಪ್ ಬಾಕ್ಸ್ ಡರ್ಬಿಯಲ್ಲಿ, ಅಂದ್ರೆ ಮಕ್ಕಳೇ ಒಳಗೆ ಕೂತು ಇಳಿಜಾರಲ್ಲಿ ಓಡಿಸೋ ದೊಡ್ಡ ಗಾಡಿ ರೇಸಿನಲ್ಲಿ, ಸೇರೋಕೆ ವಯಸ್ಸು ಸಾಲದಾಗಿತ್ತು. ಹಾಗಾದ್ರೆ ಗಾಡಿಯನ್ನೇ ಅಂಗೈಯಷ್ಟು ಮಾಡೋಣ ಅಂತ ಹೊಸ ಆಟ ಹುಡುಕಿದರು. ತಂದೆ ಮಗ ಜೊತೆಗೆ ಕೂತು ಒಂದು ವಸ್ತು ಮಾಡಲಿ ಅನ್ನೋದು ಅವರ ಆಸೆ. ಈ ‘ಜೊತೆಗೆ’ ಅನ್ನೋ ಪದ ನೆನಪಿಟ್ಟುಕೊಳ್ಳಿ, ನಾನು ಎಡವಿದ್ದು ಅಲ್ಲೇ.

ಐದು ಔನ್ಸಿನ ಲೆಕ್ಕ

ನಿಯಮ ಸರಳ. ಮರದ ತುಂಡು ಏಳು ಇಂಚು ಉದ್ದ. ಕಾರಿನ ತೂಕ ಐದು ಔನ್ಸ್ ಮೀರಬಾರದು, ಅಂದ್ರೆ ಸುಮಾರು 142 ಗ್ರಾಂ. ಡಬ್ಬದಲ್ಲಿ ಬಂದ ಚಕ್ರ ಮತ್ತು ಮೊಳೆಗಳನ್ನೇ ಬಳಸಬೇಕು. ಮೊಳೆಯೇ ಆಕ್ಸಲ್. ಇಷ್ಟರಲ್ಲಿ ಎಷ್ಟು ಜೋರಾಗಿ ಓಡಿಸ್ತೀಯೋ ಓಡಿಸು!

ಅವತ್ತು ರಾತ್ರಿ ಎರಡು ಗಂಟೆವರೆಗೆ ಯೂಟ್ಯೂಬ್ ನೋಡಿದೆ. ಈ ಪುಟ್ಟ ಕಾರಿನೊಳಗೆ ನಮ್ಮ ಪಿಯುಸಿ ಫಿಸಿಕ್ಸ್ ಪೂರ್ತಿ ಅಡಗಿ ಕೂತಿದೆ.

ಮೊದಲನೇದು ತೂಕ. ಭಾರದ ವಸ್ತುವೂ ಹಗುರದ ವಸ್ತುವೂ ಒಂದೇ ವೇಗದಲ್ಲಿ ಬೀಳುತ್ತೆ ಅಂತ ಓದಿದ್ದೇವೆ. ಆದ್ರೆ ಟ್ರ್ಯಾಕ್ ಮೇಲೆ ಗಾಳಿ ತಡೆಯುತ್ತೆ, ಚಕ್ರ ತಿರುಗಿಸೋಕೂ ಒಂದಷ್ಟು ಶಕ್ತಿ ಹೋಗುತ್ತೆ. ಈ ಖರ್ಚು ಹಗುರದ ಕಾರಿಗೂ ಭಾರದ ಕಾರಿಗೂ ಹೆಚ್ಚುಕಡಿಮೆ ಒಂದೇ. ಭಾರದ ಕಾರಿನ ಜೇಬಲ್ಲಿ ದುಡ್ಡು ಜಾಸ್ತಿ ಇರೋದರಿಂದ ಅದಕ್ಕೆ ಈ ಖರ್ಚು ತಟ್ಟೋದು ಕಮ್ಮಿ. ಅದಕ್ಕೇ ಎಲ್ಲರೂ ಮರ ಕೆತ್ತಿ ತೆಳ್ಳಗೆ ಮಾಡಿ, ಉಳಿದ ತೂಕವನ್ನ ಟಂಗ್‌ಸ್ಟನ್ ತುಂಡುಗಳಿಂದ ತುಂಬ್ತಾರೆ.

ಎರಡನೇದು, ತೂಕ ಎಲ್ಲಿ ಇಡಬೇಕು. ಉತ್ತರ: ಹಿಂದೆ. ಕಾರು ಇಳಿಜಾರಲ್ಲಿ ಮೂತಿ ಕೆಳಗೆ ಮಾಡಿ ನಿಂತಿರುತ್ತೆ, ಬಾಲ ಮೇಲಿರುತ್ತೆ. ತೂಕ ಬಾಲದಲ್ಲಿದ್ದರೆ ಅದು ಒಂದೆರಡು ಸೆಂಟಿಮೀಟರ್ ಹೆಚ್ಚು ಎತ್ತರದಿಂದ ಇಳಿದ ಹಾಗಾಗುತ್ತೆ, ಅಷ್ಟು ಶಕ್ತಿ ಲಾಭ. ಹಾಗಂತ ಪೂರ್ತಿ ಹಿಂದಕ್ಕೆ ತಳ್ಳಿದ್ರೆ ಮುಂದಿನ ಚಕ್ರ ಕುಣಿಯೋಕೆ ಶುರು ಮಾಡುತ್ತೆ. ಹಿಂದಿನ ಆಕ್ಸಲ್‌ನಿಂದ ಮುಕ್ಕಾಲು ಅಥವಾ ಒಂದು ಇಂಚು ಮುಂದೆ ಕಾರು ಬೆರಳ ಮೇಲೆ ಸಮತೂಕವಾಗಿ ನಿಲ್ಲಬೇಕು.

ಮೂರನೇದು ಘರ್ಷಣೆ. ಮೊಳೆಯ ತಲೆಯ ಕೆಳಗೆ ಕಣ್ಣಿಗೆ ಕಾಣದಂಥ ಏಣುಗಳಿರ್ತವೆ. ಅದನ್ನ ಅರದಿಂದ ತಿಕ್ಕಿ, ಆಮೇಲೆ ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಬೇಕು. ಚಕ್ರದ ತೂತಿಗೆ ಗ್ರಾಫೈಟ್ ಪುಡಿ ಹಾಕಬೇಕು, ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತಲ್ಲ ಅದೇ.

ನಾಲ್ಕನೇದು ನೇರ ಓಟ. ಕಾರು ಸ್ವಲ್ಪ ಸೊಟ್ಟ ಹೋದರೂ ಟ್ರ್ಯಾಕಿನ ನಡುವಿನ ಪಟ್ಟಿಗೆ ಬಡಿದು ಬಡಿದು ವೇಗ ಕಳೆದುಕೊಳ್ಳುತ್ತೆ. ಕೆಲವರು ಮುಂದಿನ ಒಂದು ಚಕ್ರವನ್ನ ಕೂದಲೆಳೆಯಷ್ಟು ಮೇಲೆತ್ತಿ, ಬರೀ ಮೂರು ಚಕ್ರದಲ್ಲಿ ಓಡಿಸ್ತಾರೆ. ನೆಲ ಮುಟ್ಟದ ಚಕ್ರವನ್ನ ತಿರುಗಿಸೋ ಖರ್ಚು ಇಲ್ಲವಲ್ಲ! ಎಲ್ಲಾ ಕಡೆ ಇದಕ್ಕೆ ಒಪ್ಪಿಗೆ ಇಲ್ಲ, ಪುಟ್ಟಿಯ ಗುಂಪಿನಲ್ಲಿ ಇತ್ತು.

ನಾನು ಮಾಡಿದ ತಪ್ಪು

ಮೊದಲ ಎರಡು ದಿನ ಇಬ್ಬರೂ ಜೊತೆಗೇ ಕೂತೆವು. ಅವಳು ಆಟೋರಿಕ್ಷಾ ಚಿತ್ರ ಬರೆದಳು. ರಜೆಗೆ ಬೆಂಗಳೂರಿಗೆ ಬಂದಾಗ ಆಟೋದಲ್ಲಿ ಓಡಾಡಿದ ಹುಚ್ಚು ಇನ್ನೂ ಇಳಿದಿರಲಿಲ್ಲ. ನಾನು “ಪುಟ್ಟಿ, ಆಟೋಗೆ ಗಾಳಿ ತಡೆಯುತ್ತೆ, ಚಪ್ಪಟೆ ಮಾಡೋಣ” ಅಂದೆ. ಅವಳು ಸ್ಯಾಂಡ್‌ಪೇಪರ್ ಹಿಡಿದ್ರೆ “ಹಾಗಲ್ಲ, ಒಂದೇ ದಿಕ್ಕಿಗೆ ಉಜ್ಜು” ಅಂದೆ. ಅಂಟು ಹಾಕಿದ್ರೆ “ಇಲ್ಲಿ ಕೊಡು” ಅಂದೆ. ಮೂರನೇ ದಿನ ಅವಳು ಟಿವಿ ಮುಂದೆ, ನಾನು ಗ್ಯಾರೇಜಿನಲ್ಲಿ. ನನಗೆ ಗೊತ್ತೇ ಆಗಲಿಲ್ಲ.

ಐದನೇ ರಾತ್ರಿ ಕಾರು ಮುಗಿಯಿತು. ಡೈನಿಂಗ್ ಟೇಬಲ್ ಮೇಲೆ ಬಿಟ್ಟರೆ ನಾಲ್ಕು ಅಡಿ ನೂಲು ಹಿಡಿದ ಹಾಗೆ ಹೋಗುತ್ತಿತ್ತು. ಕಪ್ಪು ಬಣ್ಣ, ಬೆಣೆಯ ಆಕಾರ, ತೂಕ ಸರಿಯಾಗಿ 141 ಗ್ರಾಂ. ಬೆಳಿಗ್ಗೆ ಎಬ್ಬಿಸಿ ತೋರಿಸಿದೆ. ಅವಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮರ್ಯಾದೆಯಿಂದ ವಾಪಸ್ ಇಟ್ಟಳು.

“ಚೆನ್ನಾಗಿದೆ. ಆದ್ರೆ ಇದು ನಿನ್ನ ಕಾರು, ಮಾಮ.”

ಶಾಲೆಯ ಬಸ್ ಬಂತು, ಹೋದಳು. ನಾನು ದೋಸೆ ಮುಂದೆ ಪೆಚ್ಚಾಗಿ ಕೂತಿದ್ದೆ.

ಅಕ್ಕ ಕಾವಲಿ ಮೇಲಿಂದ ಕಣ್ಣು ತೆಗೀದೇ ಕೇಳಿದಳು, “ಸಕಲೇಶಪುರದಲ್ಲಿ ನಮ್ಮ ಬೇರಿಂಗ್ ಗಾಡಿಗೆ ಅಪ್ಪ ಕೈ ಹಾಕಿದ್ರೇನೋ?”

ಇಲ್ಲ. ಗ್ಯಾರೇಜಿನಲ್ಲಿ ಬಿಸಾಡಿದ್ದ ಹಳೇ ಬೇರಿಂಗ್ ಮೂರು, ಒಂದು ಹಲಗೆ, ಒಂದು ಹಗ್ಗ. ಅಕ್ಕನೂ ನಾನೂ ಮೊಳೆ ಹೊಡೆದು ಮಾಡಿದ ಗಾಡಿ ಅದು. ಮನೆ ಮುಂದಿನ ಇಳಿಜಾರಲ್ಲಿ ಗರ್‌ರ್ ಅಂತ ಸದ್ದು ಮಾಡಿಕೊಂಡು ಹೋಗಿ ಯಾವಾಗಲೂ ಎಡಕ್ಕೇ ತಿರುಗಿ ಚರಂಡಿಗೆ ಬೀಳುತ್ತಿತ್ತು. ಯಾಕೆ ಎಡಕ್ಕೇ ಹೋಗುತ್ತೆ ಅಂತ ಇಬ್ಬರೂ ಒಂದು ವಾರ ಜಗಳ ಆಡಿ, ಕೊನೆಗೆ ಮುಂದಿನ ಬೇರಿಂಗ್ ಸೊಟ್ಟ ಇದೆ ಅಂತ ಕಂಡುಹಿಡಿದಿದ್ದೆವು. ಅಪ್ಪ ಜಗಲಿ ಮೇಲೆ ಪೇಪರ್ ಓದ್ತಾ ಎಲ್ಲಾ ನೋಡ್ತಿದ್ದರು. ಒಂದು ಮಾತು ಹೇಳಲಿಲ್ಲ. ಮಂಡಿಗೆ ಹಚ್ಚೋಕೆ ಅರಿಶಿನ ಮಾತ್ರ ತಂದುಕೊಟ್ಟಿದ್ದರು.

ಅವತ್ತು ಮಧ್ಯಾಹ್ನವೇ ಹೋಗಿ ಇನ್ನೊಂದು ಡಬ್ಬ ತಂದೆ.

ಹಸಿರು-ಹಳದಿ ಆಟೋ

ಈ ಸಲ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. ಗರಗಸ ಮತ್ತು ಡ್ರಿಲ್ ನನ್ನ ಕೈಲಿ, ಉಳಿದಿದ್ದೆಲ್ಲಾ ಅವಳ ಕೈಲಿ. ಅವಳು ಕೇಳಿದ್ರೆ ಮಾತ್ರ ಬಾಯಿ ಬಿಡೋದು. ನಂಬಿ, ಇದು ನಾನು ಮಾಡಿದ ಅತಿ ಕಷ್ಟದ ಪ್ರಾಜೆಕ್ಟ್. ಬಣ್ಣ ಒಣಗೋ ಮೊದಲೇ ಮುಟ್ಟಿದಳು, ಸುಮ್ಮನಿದ್ದೆ. ಮೇಲಿನ ಹುಡ್ ರಟ್ಟಿನಲ್ಲಿ ಮಾಡಿ ಅಂಟಿಸಿದಳು, ನಾಲಿಗೆ ಕಚ್ಚಿಕೊಂಡೆ.

ಕೇಳಿದಾಗ ಮಾತ್ರ ಹೇಳಿದೆ. “ತೂಕ ಯಾಕೆ ಹಿಂದೆ?” ಅಂದಾಗ ಪುಸ್ತಕ ಒಂದನ್ನ ಓರೆಯಾಗಿಟ್ಟು ಕಾರು ನಿಲ್ಲಿಸಿ, “ಯಾವ ಕಡೆ ಮೇಲಿದೆ ನೋಡು” ಅಂದೆ. ಐದು ಸೆಕೆಂಡು ನೋಡಿ “ಓ!” ಅಂದಳು. ಮೂರು ಚಕ್ರದ ಉಪಾಯ ಹೇಳಿದಾಗಲಂತೂ ಕುಣಿದೇಬಿಟ್ಟಳು. “ಆಟೋಗೆ ಇರೋದೇ ಮೂರು ಚಕ್ರ ಅಲ್ವಾ ಮಾಮ!”

ಟಂಗ್‌ಸ್ಟನ್ ಬೇಡ ಅಂದಳು. ಅವಳ ಹುಂಡಿಯಲ್ಲಿ ಐದು ಸೆಂಟಿನ ನಾಣ್ಯಗಳಿದ್ದವು. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿದಳು. ಒಂದೊಂದೂ ಸರಿಯಾಗಿ 5 ಗ್ರಾಂ. ಆಟೋದ ಹಿಂದಿನ ಸೀಟೇ ನಾಣ್ಯಗಳ ಖಜಾನೆ ಆಯಿತು.

ರೇಸಿನ ದಿನ ಶಾಲೆಯ ಕೆಫೆಟೇರಿಯಾ ತುಂಬಾ ಮಕ್ಕಳು, ಪಿಜ್ಜಾ ವಾಸನೆ, ಗದ್ದಲ. ಮೊದಲು ತೂಕ. ಅವಳ ಆಟೋ ಇಟ್ಟರೆ 5.1 ಅಂತ ತೋರಿಸ್ತು. ಜಾಸ್ತಿ! ಮನೆ ತಕ್ಕಡಿಗೂ ಇವರದ್ದಕ್ಕೂ ಹೊಂದಲಿಲ್ಲ. ನನ್ನ ಕೈ ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ಕಡೆ ಹೋಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

ಪುಟ್ಟಿ ಒಂದು ನಾಣ್ಯ ಕಿತ್ತಳು. 4.9. ಅಲ್ಲಿದ್ದ ಸ್ವಯಂಸೇವಕರು “ಸಾಕು, ಪಾಸ್” ಅಂದರು. ಅವಳು ಸ್ವಲ್ಪ ಯೋಚಿಸಿ, “ಮಮ್ಮಿ, ಒಂದು ಸೆಂಟ್ ಇದೆಯಾ? ಅದು ಅರ್ಧ ತೂಕ” ಅಂದಳು. ಒಂದು ಸೆಂಟಿನ ನಾಣ್ಯ 2.5 ಗ್ರಾಂ. ಅದನ್ನ ಒತ್ತಿ ಅಂಟಿಸಿ ಮತ್ತೆ ಇಟ್ಟಳು. 5.0.

ನನಗೆ ಅಷ್ಟು ಹೊತ್ತಿಗೇ ರೇಸು ಮುಗಿದ ಹಾಗಾಗಿತ್ತು.

ಫಲಿತಾಂಶ ಬೇಕಾ? ಆಟೋ ನಾಲ್ಕು ಲೇನ್‌ಗಳಲ್ಲೂ ಒಂದೊಂದು ಸಲ ಓಡಿತು. ಒಂದರಲ್ಲಿ ಗೆದ್ದಿತು, ಒಂದರಲ್ಲಿ ಹುಡ್ ಹಾರಿಹೋಗಿ ಕೊನೆಗೆ ಬಂತು. ಒಟ್ಟಿನಲ್ಲಿ ಒಂಬತ್ತನೇ ಸ್ಥಾನ, ಬಹುಮಾನ ಇಲ್ಲ. ಕಾರಿನಲ್ಲಿ ಮನೆಗೆ ಬರ್ತಾ ಸ್ವಲ್ಪ ಅತ್ತಳು ಕೂಡ. ಆದ್ರೆ ಮನೆ ಮುಟ್ಟೋ ಮೊದಲೇ ಕಣ್ಣೊರೆಸಿಕೊಂಡು “ಹುಡ್ ರಟ್ಟಿನದಲ್ಲ, ಮರದ್ದೇ ಕೆತ್ತಬೇಕಿತ್ತು” ಅಂದಳು. ನಾನು “ಹೌದು” ಅಂತ ಮಾತ್ರ ಅಂದೆ.

ಅಂದಹಾಗೆ ನನ್ನ ಕಪ್ಪು ಕಾರೂ ಓಡಿತು. ದೊಡ್ಡವರಿಗೂ ಒಂದು ಓಟ ಇಟ್ಟಿದ್ದರು, ನಮ್ಮಂಥವರ ಕೈ ತುರಿಕೆ ಅವರಿಗೂ ಗೊತ್ತಿರಬೇಕು. ಮೊದಲ ಸ್ಥಾನ ಬಂತು. ಚಪ್ಪಾಳೆ ಹೊಡೆದಿದ್ದು ಭಾವ ಒಬ್ಬರೇ.

ನಿಮ್ಮ ಮನೆಯಲ್ಲೂ ಶಾಲೆಯ ಪ್ರಾಜೆಕ್ಟು, ವಿಜ್ಞಾನ ಮೇಳದ ಮಾಡೆಲ್ಲು, ಥರ್ಮಾಕೋಲಿನ ಜ್ವಾಲಾಮುಖಿ ಯಾವುದಾದ್ರೂ ಬರುತ್ತೆ. ನಿಮಗೆ ಕೈ ತುರಿಸಿಯೇ ತುರಿಸುತ್ತೆ. ಅಂಗಡಿಗೆ ಹೋದಾಗ ಎರಡು ಸೆಟ್ ಸಾಮಾನು ತಂದುಬಿಡಿ. ಒಂದು ಮಗುವಿಗೆ, ಇನ್ನೊಂದು ನಿಮಗೆ.