ಸುಂಕದವನ ಮನೆಯ ಅತಿಥಿ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಸುಂಕದ ಕಟ್ಟೆಯಲ್ಲಿ ಕೂತು ಹೇರು ಎಣಿಸುವವನಿಗೆ ಕಿವಿಯೂ ಇಲ್ಲ, ಕರುಳೂ ಇಲ್ಲ ಎಂದು ಜನ ನೊಂದು ಆಡಿದ ಮಾತು ಅದು. ಆದರೆ ಸುಂಕದವನಿಗೂ ಒಂದು ಸುಖದುಃಖ ಇದ್ದೀತಲ್ಲ, ಅದನ್ನು ಅವನು ಯಾರ ಮುಂದೆ ಹೇಳಿಕೊಳ್ಳಬೇಕು? ಗಾದೆ ಅಲ್ಲಿಯವರೆಗೆ ಹೋಗುವುದಿಲ್ಲ. ಲೂಕನ ಸುವಾರ್ತೆಯ 19ನೇ ಅಧ್ಯಾಯ ಹೋಗುತ್ತದೆ.

ಊರು ಯೆರಿಕೋ. ಯೊರ್ದನ್ ಹೊಳೆಯ ಕಣಿವೆಯಲ್ಲಿ, ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿ, ಖರ್ಜೂರದ ತೋಪುಗಳ ನಡುವೆ ಇದ್ದ ಸಿರಿವಂತ ಪಟ್ಟಣ. ಹೊಳೆಯಾಚೆಯಿಂದ ಯೆರೂಸಲೇಮಿಗೆ ಏರಿಹೋಗುವ ಸರಕು ಆ ದಾರಿಯಲ್ಲೇ ಹಾಯಬೇಕು. ಆ ಕಾಲದಲ್ಲಿ ಸುಂಕದ ವಸೂಲಿ ಗುತ್ತಿಗೆಯ ವ್ಯವಹಾರ. ಇಂತಿಷ್ಟು ಕಟ್ಟುತ್ತೇನೆಂದು ಒಪ್ಪಿಕೊಂಡವನು ಜನರಿಂದ ಅದಕ್ಕಿಂತ ಹೆಚ್ಚು ಎತ್ತಿದರೆ ಮಿಕ್ಕದ್ದು ಅವನ ಗಂಟಿಗೆ. ಜಕ್ಕಾಯ ಅಂಥ ಸುಂಕದವರ ಮುಖ್ಯಸ್ಥ. ತಾನೂ ಯೆಹೂದ್ಯ, ತನ್ನವರನ್ನೇ ಹಿಂಡಿ ಪರರ ಬೊಕ್ಕಸ ತುಂಬಿಸುತ್ತಿದ್ದ. ಕೈ ತುಂಬ ಹಣವಿತ್ತು. ಊರಲ್ಲಿ ಅವನನ್ನು ನಮ್ಮವನೆನ್ನುವ ಒಬ್ಬನೂ ಇರಲಿಲ್ಲ.

ಯೇಸು ಬರುತ್ತಿದ್ದಾನೆಂದು ಕೇಳಿ ಅವನೂ ನೋಡಲು ಹೋದ. ಗಿಡ್ಡ ಆಳು, ಮುಂದೆ ಕಿಕ್ಕಿರಿದ ಜನ. ಓಡಿಹೋಗಿ ದಾರಿಬದಿಯ ಅತ್ತಿ ಜಾತಿಯ ಮರವೊಂದನ್ನು ಹತ್ತಿ ಕೂತ. ಭಾನುವಾರದ ಶಾಲೆಯಲ್ಲಿ ಈ ಕಥೆ ಹೇಳಿದಾಗ ಮಕ್ಕಳು ನಗುತ್ತಾರೆ, ನಗಲಿ. ದೊಡ್ಡವರಿಗೆ ಅಲ್ಲಿ ಬೇರೆಯದೇ ಕಾಣಬೇಕು. ಸ್ಥಿತಿವಂತನೊಬ್ಬ ನಡುಬೀದಿಯಲ್ಲಿ ಓಡಿ, ಊರೆಲ್ಲ ನೋಡುತ್ತಿರುವಾಗ ಮರ ಹತ್ತುತ್ತಾನೆಂದರೆ ಅವನೊಳಗೆ ಎಂಥ ಹಸಿವು ಇದ್ದಿರಬೇಕು! ಕಳೆದುಕೊಳ್ಳಲು ಇನ್ನಾವ ಮಾನವೂ ತನಗೆ ಉಳಿದಿಲ್ಲ ಎಂದು ಗೊತ್ತಿದ್ದವನ ಹಸಿವು ಅದು.

ಮರದ ಕೆಳಗೆ ಬಂದ ಯೇಸು ನಿಂತು ತಲೆಯೆತ್ತಿದ. ಹೆಸರು ಹಿಡಿದು ಕರೆದ. ಬೇಗ ಇಳಿದು ಬಾ, ಈ ದಿನ ನಾನು ಉಳಿಯುವುದು ನಿನ್ನ ಮನೆಯಲ್ಲೇ ಎಂಬರ್ಥದ ಮಾತು ಹೇಳಿದ. ಇಷ್ಟು ಹೊತ್ತಿಗೆ ಜಕ್ಕಾಯ ಏನು ಮಾಡಿದ್ದಾನೆ? ತಪ್ಪಾಯಿತು ಎಂದಿಲ್ಲ. ಒಂದು ಕಾಸನ್ನೂ ಹಿಂದಿರುಗಿಸಿಲ್ಲ. ಮರದಿಂದ ಕೆಳಗೂ ಇಳಿದಿಲ್ಲ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಅದು ಅರ್ಹತೆಯ ಹಿಂದೆ ಬರುವುದಿಲ್ಲ. ಮೊದಲೇ ಬಂದು ನಿಂತಿರುತ್ತದೆ.

ಯೇಸು ಅವನನ್ನು ಊಟಕ್ಕೆ ಕರೆಯಲಿಲ್ಲ, ತಾನೇ ಅವನ ಮನೆಗೆ ಹೊರಟ ಎಂಬುದರ ತೂಕ ನಮ್ಮ ನಾಡಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗಬೇಕು. ದಾನ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಅಂಗಳಕ್ಕೆ ಬಂದವನಿಗೆ ಅನ್ನ ಹಾಕಿ ಪುಣ್ಯ ಕಟ್ಟಿಕೊಂಡ ಎಷ್ಟೋ ಮನೆತನಗಳು ಅದೇ ಮನುಷ್ಯನ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಿದ್ದಿಲ್ಲ. ಯಾರ ಮನೆಯ ನೀರು ನಮ್ಮ ಗಂಟಲಲ್ಲಿ ಇಳಿಯುತ್ತದೆ ಎಂಬುದರಲ್ಲೇ ನಾವು ಯಾರನ್ನು ಸಮಾನರೆಂದು ಬಗೆದಿದ್ದೇವೆ ಎಂಬುದು ತಿಳಿಯುತ್ತದೆ. ಯೇಸು ಜಕ್ಕಾಯನಿಗೆ ಆತಿಥ್ಯ ಮಾಡುವ ಗೌರವ ಕೊಟ್ಟ. ಜನ ಗೊಣಗಿದ್ದು ಅದಕ್ಕೇ: ಪಾಪಿಯ ಮನೆಗೆ ಹೋಗಿ ಇಳಿದುಕೊಂಡನಲ್ಲ!

ಬದಲಾವಣೆ ಆಮೇಲೆ ಬಂತು, ಬಂದದ್ದು ಲೆಕ್ಕದ ಸಮೇತ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ಒಂದಕ್ಕೆ ನಾಲ್ಕು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ, ತಾನಾಗಿ ಒಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ಕದ್ದ ಕುರಿಯನ್ನು ಕೊಯ್ದೋ ಮಾರಿಯೋ ಸಿಕ್ಕಿಬಿದ್ದ ಕಳ್ಳನಿಗೆ ಮಾತ್ರ ನಾಲ್ಕರಷ್ಟು ದಂಡ. ಜಕ್ಕಾಯ ತನ್ನ ತಲೆಯ ಮೇಲೆ ಕಳ್ಳನ ದಂಡವನ್ನೇ ಎಳೆದುಕೊಂಡ. ಬಲವಂತ ಮಾಡಿದವರು ಯಾರೂ ಇಲ್ಲ. ಆಗ ಯೇಸು ಎಲ್ಲರ ಕಿವಿಗೆ ಬೀಳುವಂತೆ ಇವನೂ ಅಬ್ರಹಾಮನ ಮಗನೇ ಎಂದು ಸಾರಿದ. ಊರು ಕಿತ್ತುಕೊಂಡಿದ್ದ ಗುರುತು ಊರಿನ ಮುಂದೆಯೇ ಅವನಿಗೆ ಮರಳಿ ಬಂತು.

ನಾವು ನಡೆಸುವುದು ಇದಕ್ಕೆ ತಿರುಗುಮುರುಗು. ಮೊದಲು ಸರಿಯಾಗು, ಆಮೇಲೆ ಒಳಗೆ ಬಾ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಂಕ ಕಡಿಮೆ ಬಂದ ಮಗು ಮನೆಯ ಹೊಸ್ತಿಲು ದಾಟಲು ಹೆದರುತ್ತದೆಂದರೆ, ಆ ಮನೆಯ ಪ್ರೀತಿಗೆ ಷರತ್ತಿದೆ ಎಂದು ಅದಕ್ಕೆ ಎಂದೋ ಗೊತ್ತಾಗಿದೆ. ಹೆದರಿಕೆಯಿಂದ ಓದುವ ಮಕ್ಕಳಿದ್ದಾರೆ, ನಿಜ. ಆದರೆ ಹೆದರಿಕೆಯಿಂದ ಯಾರೂ ತಮ್ಮ ಆಸ್ತಿಯಲ್ಲಿ ಅರ್ಧ ಬಿಚ್ಚಿ ಕೊಟ್ಟದ್ದಿಲ್ಲ.

ಹಾಗಾದರೆ ಏನು ಮಾಡಿದರೂ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಜರ್ಮನಿಯ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ 1937ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಬದುಕನ್ನು ಅಲುಗಿಸದ ಕ್ಷಮೆಗೆ ಅಗ್ಗದ ಕೃಪೆ ಎಂದು ಹೆಸರಿಟ್ಟರು. ಹಿಟ್ಲರನನ್ನು ವಿರೋಧಿಸಿದ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು. ಅವರ ಪಾಲಿಗೆ ಕೃಪೆ ಪುಕ್ಕಟೆಯಾಗಿ ಬಂದದ್ದು, ಆದರೆ ಅಗ್ಗದ್ದಲ್ಲ. ಜಕ್ಕಾಯನಿಗೂ ಅಷ್ಟೆ.

ಕೃಪೆಯ ಮಾತು ಊಟದ ಪಂಕ್ತಿಯನ್ನು ಬಿಟ್ಟು ದೂರ ಹೋದದ್ದೇ ಇಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ತನ್ನವರು ಬಂದೊಡನೆ ಅಂಜಿ ಪಂಕ್ತಿಯಿಂದ ಎದ್ದು ಬೇರೆಯಾದ. ಪೌಲ ಎಲ್ಲರೆದುರಿಗೆ ಅವನನ್ನು ತರಾಟೆಗೆ ತೆಗೆದುಕೊಂಡ. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ನಿಯಮ ಪಾಲನೆಯಿಂದಲ್ಲ, ನಂಬಿಕೆಯಿಂದ ಎಂಬ ವಾದವನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಶುರುಮಾಡುವುದೇ ಈ ಜಗಳದಿಂದ. ಎಷ್ಟೋ ಪ್ರಸಂಗಗಳಲ್ಲಿ ಆ ವಾದವನ್ನು ಕೇಳಿದ್ದೇನೆ. ಅದರ ಹಿಂದಿರುವ ಊಟದ ಜಗಳದ ಮಾತು ಕಿವಿಗೆ ಬಿದ್ದದ್ದು ಅಪರೂಪ.

ಇದನ್ನೆಲ್ಲ ಓದಿ ಬೆಳೆದ ನಮ್ಮ ಸಭೆಗಳಲ್ಲಿ ಜಾತಿ ಹೋಗಿಲ್ಲ. ಕ್ರೈಸ್ತರ ವಧೂವರರ ಜಾಹೀರಾತಿನಲ್ಲಿ ಅದು ಇಂದಿಗೂ ಇಣುಕುತ್ತದೆ. ಪಕ್ಕದ ತಮಿಳುನಾಡಿನಲ್ಲಿ ಕ್ರೈಸ್ತರ ಸ್ಮಶಾನದೊಳಗೇ ಜಾತಿಯ ಗೋಡೆ ಎದ್ದದ್ದುಂಟು. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆದಾತನ ಆರಾಧನೆ ಮಾಡಿ ಹೊರಬಂದವರು ಪಕ್ಕದಲ್ಲಿ ನಿಂತವನ ಕುಲ ಕೇಳಿದರೆ, ಅವರು ಒಳಗೆ ಹಾಡಿದ್ದೆಲ್ಲ ಸುಳ್ಳು. ಇದನ್ನು ಮೆದುವಾಗಿ ಹೇಳಲು ನನ್ನಿಂದಾಗದು.

ಆದ್ದರಿಂದ ಸಭೆಯ ಹಿರಿಯರಲ್ಲಿ, ಪಾದ್ರಿಗಳಲ್ಲಿ ಒಂದು ವಿನಂತಿ. ಹಬ್ಬಕ್ಕೆ ಸೀರೆ, ಕಂಬಳಿ, ಅಕ್ಕಿ ಹಂಚುತ್ತೀರಿ, ಒಳ್ಳೆಯದು. ಈ ಸಲ ಹಂಚಿ ಮುಗಿದ ಮೇಲೆ, ಅದನ್ನು ಪಡೆದವರಲ್ಲಿ ಒಬ್ಬರ ಮನೆಗೆ ನೀವೇ ಹೇಳಿಸಿಕೊಂಡು ಊಟಕ್ಕೆ ಹೋಗಿ. ಅವರು ಬಡಿಸಲಿ, ನೀವು ಉಣ್ಣಿ.