ಅಜ್ಜಿ ಠಾಣೆಯ ಹೊರಗೆ ಕೂರಬೇಕಿರಲಿಲ್ಲ

'ನನ್ನ ಮೊಮ್ಮಗನ ಫೋಟೋ ಪೇಪರ್‌ನಾಗ ಹಾಕಬ್ಯಾಡ್ರಪ್ಪಾ, ಕೈ ಮುಗೀತೀನಿ.' ನಮ್ಮ ಕಡೆಯ ತಾಂಡಾದ ಅಜ್ಜಿಯೊಬ್ಬರು ನಮಗೆ ಹೀಗೆ ಹೇಳಿದರು. ಕಳವಿನ ಅನುಮಾನದ ಮೇಲೆ ಹುಡುಗನನ್ನು ಠಾಣೆಗೆ ಕರೆದೊಯ್ದಿದ್ದರು. ಅಪ್ಪ ಅವ್ವ ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋಗಿದ್ದರು. ಅಜ್ಜಿಗೆ ಸುದ್ದಿ ಮುಟ್ಟಿದ್ದು ಪಕ್ಕದ ಮನೆಯವರ ವಾಟ್ಸಾಪ್‌ನಿಂದ. ಇಡೀ ದಿನ ಠಾಣೆಯ ಹೊರಗೆ ಕೂತೇ ಕಳೆದರು.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, 18 ತುಂಬದ ಮಗುವನ್ನು ಹಿಡಿದರೆ ತಂದೆ ತಾಯಿ ಅಥವಾ ಪೋಷಕರಿಗೆ ಪೊಲೀಸರೇ ತಿಳಿಸಬೇಕು. ಮಗುವನ್ನು ನಿಜವಾಗಿ ಸಾಕುತ್ತಿರುವವರು ಎಂದು ಬಾಲ ನ್ಯಾಯ ಮಂಡಳಿ ಒಪ್ಪಿದರೆ ಅಜ್ಜಿಯೂ ಪೋಷಕರೇ. 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. 2016ರ ಮಾದರಿ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ: ವಿಚಾರಿಸುವಾಗ ಮನೆಯವರು ಜೊತೆಗಿರಬಹುದು, ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು.

ಆದರೆ ಕಾಯ್ದೆಯಲ್ಲಿ ಒಂದು ಸಣ್ಣ ಮಾತಿದೆ: ಪೋಷಕರು 'ಸಿಕ್ಕರೆ' ತಿಳಿಸಬೇಕು. ಗುಳೆ ಹೋದವರ ವಿಷಯದಲ್ಲಿ ಎಲ್ಲ ಕೆಡುವುದು ಇಲ್ಲೇ. 'ಸಿಗಲಿಲ್ಲ' ಎಂದು ಬರೆದರೆ ಮುಗಿಯಿತು. ಕಬ್ಬಿನ ಗದ್ದೆಯಲ್ಲಿರುವವರ ಕೈಯಲ್ಲೂ ಇವತ್ತು ಫೋನಿದೆಯಲ್ಲ? ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಫೋನ್ ಮಾಡಿದರು ಎಂಬುದನ್ನು ಪೊಲೀಸರು ವರದಿಯಲ್ಲಿ ಬರೆಯಲೇಬೇಕು, ಮಂಡಳಿ ಅದನ್ನು ಕೇಳಲೇಬೇಕು ಎಂಬುದು ನಮ್ಮ ಒತ್ತಾಯ.

ಜಾಮೀನು ಎಂದ ಕೂಡಲೇ ನಮ್ಮವರು ಪಹಣಿ ಇದ್ದವರ ಮನೆ ಬಾಗಿಲಿಗೆ ಓಡುತ್ತಾರೆ. ಶ್ಯೂರಿಟಿ ಇಲ್ಲದೆಯೂ ಮಗುವನ್ನು ಬಿಡಲು 12ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಬಿಟ್ಟರೆ ಮಗುವಿಗೇ ಅಪಾಯ, ಕೆಟ್ಟವರ ಸಹವಾಸ, ಅಥವಾ ನ್ಯಾಯಕ್ಕೆ ಧಕ್ಕೆ ಎನ್ನಲು ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು, ಆ ಕಾರಣವನ್ನೂ ಬರೆದಿಡಬೇಕು.

2021ರಲ್ಲಿ ಜಿಲ್ಲೆ ಒಡೆದ ಮೇಲೆ ಇನ್ನೊಂದು ಗೋಳು ಶುರುವಾಗಿದೆ. ಹೊಸಪೇಟೆ, ಹಂಪಿ ವಿಜಯನಗರಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯ ಹುಡುಗ ಹಂಪಿಯಲ್ಲಿ ಸಿಕ್ಕಿಬಿದ್ದರೆ ಪ್ರಕರಣ ಒಂದು ಜಿಲ್ಲೆಯದು, ಮನೆ ಇನ್ನೊಂದು ಜಿಲ್ಲೆಯದು. ಮಗುವಿಗೆ ಒಳ್ಳೆಯದೆನಿಸಿದರೆ ತವರು ಜಿಲ್ಲೆಯ ಮಂಡಳಿಗೆ ಕಳಿಸಲು 95ನೇ ಸೆಕ್ಷನ್ ಇದೆ. ಕೇಳಿಕೊಳ್ಳಿ.

ಇನ್ನು ಅಜ್ಜಿಯ ಮಾತು. ಹೆಸರು, ಊರು, ಶಾಲೆ, ಫೋಟೋ ಸೇರಿ ಮಗುವಿನ ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ 74ನೇ ಸೆಕ್ಷನ್. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಹೆಸರು ಬಿಟ್ಟು 'ಇಂಥ ತಾಂಡಾದ ಇಂಥವರ ಮಗ' ಎಂದು ಬರೆದು ಕಳಿಸಿದವರು ನಮ್ಮಲ್ಲೂ ಇದ್ದಾರೆ, ಒಪ್ಪಿಕೊಳ್ಳುತ್ತೇವೆ. ಊರ ಗ್ರೂಪಿನಲ್ಲಿ ವಿಡಿಯೋ ಹಾಕುವವರಿಗೂ ಈ ಸೆಕ್ಷನ್ ತಪ್ಪಿದ್ದಲ್ಲ.

ಹುಡುಗ ಮನೆಗೆ ಬಂದಿದ್ದಾನೆ, ವಿಚಾರಣೆ ನಡೆದಿದೆ. ವಕೀಲರಿಗೆ ಎಷ್ಟು ಕೊಡಬೇಕೆಂದು ಅಜ್ಜಿ ಕೇಳಿದರು. ಏನೂ ಕೊಡಬೇಕಿಲ್ಲ. ಮಕ್ಕಳಿಗೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರವೇ ಕೊಡುತ್ತದೆ. ಸಹಾಯವಾಣಿ 15100.